‘ಮುಂದೆ’ ಒತ್ತಿದ್ದು ಯಾರು?

ಅಡಿಕೆ ವಿಂಗಡಣೆ ಕಲಿಸಲಿಕ್ಕೆ ನಾನು ತಯಾರಿಸಿದ ಮೊದಲ ಇ-ಲರ್ನಿಂಗ್ ಕೋರ್ಸನ್ನು ಎಲ್ಲರಿಗಿಂತ ಮೊದಲು ಮುಗಿಸಿದವಳು ನಮ್ಮ ಸಂಸ್ಥೆಯಲ್ಲಿ ಕೆಲಸಕ್ಕಿದ್ದವಳೇ ಅಲ್ಲ. ನೌಕರರೊಬ್ಬರ ಮಗಳು, ಎಂಟನೇ ಕ್ಲಾಸು. ಅಪ್ಪ ಊಟಕ್ಕೆ ಕೂತಿದ್ದಾಗ ಫೋನ್ ಎತ್ತಿಕೊಂಡು ‘ಮುಂದೆ’ ಅನ್ನುವ ಬಟನ್ ಒತ್ತುತ್ತಾ ಹೋಗಿದ್ದಾಳೆ. ಕೊನೆಯ ಪರೀಕ್ಷೆಯನ್ನೂ ಬರೆದು ನೂರಕ್ಕೆ 90 ಮಾರ್ಕ್ ತೆಗೆದಿದ್ದಾಳೆ. ಹುಡುಗಿ ಜಾಣೆ, ಅದರಲ್ಲಿ ಸಂಶಯವಿಲ್ಲ. ಆದರೆ ಮರುದಿನ ಅಡಿಕೆ ಖರೀದಿಗೆ ಕೂರಬೇಕಾದದ್ದು ಅಪ್ಪ.

ಇದು ನನಗೆ ಗೊತ್ತಾಗುವಾಗ ಆರು ತಿಂಗಳು ಕಳೆದಿತ್ತು. ಅಲ್ಲಿಯವರೆಗೆ ನನ್ನ ಕಂಪ್ಯೂಟರಿನಲ್ಲಿ ಎಲ್ಲರ ಹೆಸರಿನ ಎದುರು ಹಸಿರು ಟಿಕ್ ಇತ್ತು. ನಾನೂ ಆರಾಮವಾಗಿದ್ದೆ.

ಮೊದಲು ನಾನು ಟೀಚರ್. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ದಿನವೇತನದ ಕೆಲಸ. 2020ರ ಜೂನ್ 1ಕ್ಕೆ ಕೇರಳದಲ್ಲಿ ಶಾಲೆ ಶುರುವಾದದ್ದು ಟಿವಿಯಲ್ಲಿ, ಸರ್ಕಾರದ ವಿಕ್ಟರ್ಸ್ ಚಾನೆಲ್‌ನ ಫಸ್ಟ್ ಬೆಲ್ ಅನ್ನುವ ಪಾಠಗಳು. ಶಾಲೆಯ ಬಾಗಿಲೇ ತೆರೆಯದಿದ್ದ ಮೇಲೆ ದಿನವೇತನದವರಿಗೆ ದಿನ ಎಲ್ಲಿ, ವೇತನ ಎಲ್ಲಿ? ಸುಮ್ನೆ ಕೂರುವುದು ಬೇಡ ಅಂತ ಮಕ್ಕಳಿಗೆ ಸಣ್ಣ ಸಣ್ಣ ವಿಡಿಯೊ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆ. ಅದನ್ನು ನೋಡಿದ ಪರಿಚಯದವರೊಬ್ಬರು ಈ ಕೆಲಸಕ್ಕೆ ಕರೆದರು. ಅಡಿಕೆ, ಕಾಳುಮೆಣಸು, ಗೇರುಬೀಜ ಖರೀದಿಸುವ ಸಂಸ್ಥೆ. ಹೆಸರು ಬೇಡ. ಕೇರಳ, ಕರ್ನಾಟಕ ಗಡಿಯ ಈಚೆಗೂ ಆಚೆಗೂ ಅವರ ಖರೀದಿ ಕೇಂದ್ರಗಳಿವೆ. ನನ್ನ ಹುದ್ದೆಗೆ ಟ್ರೈನಿಂಗ್ ಆಫೀಸರ್ ಅಂತ ಹೆಸರು. ಅಡಿಕೆ ತೋಟದ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಅಡಿಕೆಯ ವಿಷಯದಲ್ಲಿ ನನಗೆ ಕಲಿಯಲಿಕ್ಕೆ ಎಂತ ಉಂಟು ಅಂದುಕೊಂಡಿದ್ದೆ.

ಸಂಸ್ಥೆಗೆ ಬೇಕಾದದ್ದು ಇಷ್ಟೇ: ಹೊಸದಾಗಿ ಸೇರುವ ಹುಡುಗರಿಗೆ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಅಡಿಕೆಯ ವಿಂಗಡಣೆ ಬರಬೇಕು. ಹೊಸತು ಯಾವುದು, ಹಳತು ಯಾವುದು, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಅಂತ ದರ್ಜೆಗಳು. ಒಂದೊಂದಕ್ಕೆ ಒಂದೊಂದು ದರ. ಕೃಷಿಕ ತಂದ ಗೋಣಿಯಲ್ಲಿ ಯಾವುದು ಎಷ್ಟು ಇದೆ ಅಂತ ಅಲ್ಲೇ, ಅವನ ಎದುರೇ ಹೇಳಬೇಕು. ಜಾಸ್ತಿ ಹೇಳಿದರೆ ಸಂಸ್ಥೆಗೆ ನಷ್ಟ. ಕಡಿಮೆ ಹೇಳಿದರೆ ಕೃಷಿಕನಿಗೆ ನಷ್ಟ, ಆಮೇಲೆ ಅವನು ಈ ಕಡೆ ತಲೆ ಹಾಕುವುದಿಲ್ಲ. ಹಿಂದೆ ಹೊಸಬರನ್ನು ಒಂದು ಸೀಸನ್ ಪೂರ್ತಿ ಹಿರಿಯರ ಪಕ್ಕ ಕೂರಿಸುತ್ತಿದ್ದರು. ಈಗಿನ ಹುಡುಗರು ಒಂದು ಸೀಸನ್ ನಿಂತರೆ ದೊಡ್ಡದು. ವೀಸಾ ಬಂದರೆ ಗಲ್ಫ್, ಬರದಿದ್ದರೆ ಮಂಗಳೂರು. ಹಾಗಾಗಿ ‘ಆನ್‌ಲೈನ್ ಕೋರ್ಸ್ ಮಾಡಿಬಿಡಿ’ ಅಂತ ಅಪ್ಪಣೆಯಾಯಿತು.

ಪಾಠ ಹೇಳಲಿಕ್ಕೆ ನನಗೆ ಬರುತ್ತಿತ್ತು. ಕೋರ್ಸ್ ಕಟ್ಟಲಿಕ್ಕೆ ಬರುತ್ತಿರಲಿಲ್ಲ. ರಾತ್ರಿ ಕೂತು ಇನ್‌ಸ್ಟ್ರಕ್ಷನಲ್ ಡಿಸೈನ್, ಅಂದರೆ ಕೋರ್ಸ್ ಕಟ್ಟುವ ವಿದ್ಯೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎಲ್ಲಿ ನೋಡಿದರೂ ಮೊದಲು ಸಿಗುವುದು ಆಡಿ (ADDIE) ಅನ್ನುವ ಕ್ರಮ. 1975ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯವರು ಮಾಡಿಕೊಟ್ಟ ಪದ್ಧತಿಯಿಂದ ಬಂದದ್ದು. ಮೊದಲು ವಿಚಾರಿಸು, ಆಮೇಲೆ ರೂಪಿಸು, ತಯಾರಿಸು, ಬಳಕೆಗೆ ಕೊಡು, ಕೊನೆಗೆ ಅಳೆದು ನೋಡು. ಐದು ಹೆಜ್ಜೆ. ಇನ್ನೊಬ್ಬರು ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್. ನೆನಪಿಟ್ಟುಕೊಳ್ಳುವುದರಿಂದ ಹಿಡಿದು ತೂಗಿ ನೋಡುವವರೆಗೆ ಕಲಿಕೆಗೆ ಆರು ಮೆಟ್ಟಿಲು ಹಾಕಿದ ಪುಸ್ತಕವನ್ನು ಅವರ ತಂಡ ತಂದದ್ದು 1956ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ. ಆದರೆ ನಮ್ಮ ಕಡೆಯವರಿಗೆ ಆ ಇಸವಿ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ, ನೋಡಿ.

ಇಷ್ಟೆಲ್ಲ ಓದಿ ನಾನು ಮಾಡಿದ್ದೇನು? ಮೊದಲ ಹೆಜ್ಜೆ, ವಿಚಾರಿಸುವುದು ಅಂತ ಇತ್ತಲ್ಲ, ಅದನ್ನೇ ಹಾರಿಸಿದೆ. ನನಗೆ ಗೊತ್ತುಂಟಲ್ಲ, ಇನ್ಯಾರನ್ನು ವಿಚಾರಿಸುವುದು?

58 ಸ್ಲೈಡ್ ಆಯಿತು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರ ಶುರುವಾದದ್ದು, 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆದದ್ದು, 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು, ಎಲ್ಲ ಬರೆದೆ. ಎಲ್ಲವೂ ನಿಜ. ಎದುರಿಗಿರುವ ಗೋಣಿಯ ಅಡಿಕೆ ಒಣಗಿದೆಯೋ ಇಲ್ಲವೋ ಅಂತ ಹೇಳಲಿಕ್ಕೆ ಅದರಲ್ಲಿ ಒಂದೂ ಸಹಾಯಕ್ಕೆ ಬರುವುದಿಲ್ಲ. ಮೇಲಿಂದ ‘ಈ ಪಾಠದ ಕೊನೆಯಲ್ಲಿ ಕಲಿಕಾರ್ಥಿಯು ಅಡಿಕೆಯ ವಿವಿಧ ದರ್ಜೆಗಳನ್ನು ಅರ್ಥಮಾಡಿಕೊಳ್ಳುವನು’ ಅಂತ ಉದ್ದೇಶ ಬೇರೆ. ಅರ್ಥಮಾಡಿಕೊಂಡದ್ದನ್ನು ಹೊರಗಿನಿಂದ ನೋಡುವುದು ಹೇಗೆ? ಕೈ ಏನು ಮಾಡಬೇಕು ಅಂತ ಬರೆಯಬೇಕಿತ್ತು. ಅದು ಹೊಳೆಯಲೇ ಇಲ್ಲ.

ತಾಂತ್ರಿಕ ಗೋಳು ಒಂದೆರಡಲ್ಲ. ಆಫೀಸಿನಲ್ಲಿದ್ದ ಕನ್ನಡ ಕಾಗದಪತ್ರವೆಲ್ಲ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಆದದ್ದು. ಕೋರ್ಸಿಗೆ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಯೂನಿಕೋಡ್‌ಗೆ ಬದಲಾಯಿಸಿಕೊಂಡೆ. ಆಗ ಕೋರ್ಸ್ ಕಟ್ಟುವ ಸಾಫ್ಟ್‌ವೇರ್ ತನ್ನ ಬುದ್ಧಿ ತೋರಿಸಿತು. ಬರೆಯುವಾಗ ಸರಿಯಾಗಿ ಕಾಣುತ್ತಿದ್ದ ಒತ್ತಕ್ಷರ, ಪಬ್ಲಿಷ್ ಮಾಡಿದ ಮೇಲೆ ಕಳಚಿಕೊಂಡು ಪಕ್ಕದಲ್ಲಿ ಬಂದು ಕೂರುತ್ತಿತ್ತು. ‘ಅಣ್ಣ’ ಅಂತ ಬರೆದದ್ದು ‘ಅಣ್‌ಣ’. ಕೊನೆಗೆ ಬೇಸತ್ತು ಪುಟಗಳನ್ನೇ ಚಿತ್ರ ಮಾಡಿ ಅಂಟಿಸಿದೆ. ಅದು ದೊಡ್ಡ ತಪ್ಪು. ಚಿತ್ರವಾದ ಅಕ್ಷರವನ್ನು ಫೋನಿನಲ್ಲಿ ದೊಡ್ಡದು ಮಾಡಿದರೆ ಮಸುಕು, ಹುಡುಕಿದರೆ ಸಿಗದು. ಒಂದು ಅಕ್ಷರ ತಿದ್ದಬೇಕಾದರೂ ಇಡೀ ಪುಟ ಮತ್ತೆ ಮಾಡಬೇಕು.

ಆಮೇಲೆ ಸ್ಕಾರ್ಮ್. ಕೋರ್ಸ್ ಮತ್ತು ಅದನ್ನು ನಡೆಸುವ ಸರ್ವರ್ ಒಂದಕ್ಕೊಂದು ಮಾತಾಡಲಿಕ್ಕೆ ಇರುವ ಒಪ್ಪಂದ ಅದು. ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆಯೊಂದರಲ್ಲಿ ಹುಟ್ಟಿದ್ದು. 2001ರಲ್ಲಿ ಬಂದ 1.2 ಆವೃತ್ತಿ ಇಂದಿಗೂ ಎಷ್ಟೋ ಕಡೆ ನಡೆಯುತ್ತಿದೆ, ನಮ್ಮಲ್ಲೂ ಅದೇ. ನೋಡುವವರು ಎಲ್ಲಿಗೆ ನಿಲ್ಲಿಸಿದರು ಅಂತ ನೆನಪಿಟ್ಟುಕೊಳ್ಳಲಿಕ್ಕೆ ಅದರಲ್ಲಿ 4,096 ಅಕ್ಷರಗಳಷ್ಟೇ ಜಾಗ. ನಾನು ಸ್ಲೈಡ್ ಸ್ಲೈಡಿಗೂ ಒತ್ತುವ, ತೆರೆಯುವ ಆಟ ಇಟ್ಟಿದ್ದೆನಲ್ಲ, ಜಾಗ ಸಾಕಾಗಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ರೇಂಜೂ ಹೋಗುತ್ತದೆ. ನಲವತ್ತನೇ ಸ್ಲೈಡಿನವರೆಗೆ ಬಂದವರು ಮರುದಿನ ತೆರೆದರೆ ಮತ್ತೆ ಒಂದನೆಯದು. ಮಗಳ ಕೈಗೆ ಫೋನ್ ಹೋದದ್ದು ಸುಮ್ನೆ ಅಲ್ಲ.

ಇನ್ನು ಆ ಹಸಿರು ಟಿಕ್. ‘ಮುಗಿಯಿತು’ ಅಂತ ಸರ್ವರಿಗೆ ಹೇಳುವುದು ಕೋರ್ಸೇ. ಕೊನೆಯ ಪುಟ ತೆರೆಯಿತು, ಪರೀಕ್ಷೆಗೆ ಇಷ್ಟು ಮಾರ್ಕ್ ಬಂತು, ಅಷ್ಟೇ ಅದಕ್ಕೆ ಗೊತ್ತು. ಹಿಂದಿನ ರಿಜಿಸ್ಟರ್ಡ್ ಪೋಸ್ಟಿನ ಅಕ್ನಾಲೆಜ್‌ಮೆಂಟ್ ಕಾರ್ಡ್ ಇದ್ದ ಹಾಗೆ. ಕಾಗದ ಮನೆ ಮುಟ್ಟಿದ್ದಕ್ಕೆ ಸಾಕ್ಷಿ. ಓದಿದ್ದಕ್ಕಲ್ಲ. ಸಹಿ ಹಾಕಿದ್ದು ಯಾರು ಅಂತಲೂ ಹೇಳಲಿಕ್ಕಾಗದು.

ಗುಟ್ಟು ರಟ್ಟಾದದ್ದು ಒಂದು ಲಾರಿ ಲೋಡಿನಿಂದ. ಒಂದು ಕೇಂದ್ರದಿಂದ ಹಳತು ಅಂತ ಬರೆದು ಕಳಿಸಿದ ಗೋಣಿಗಳಲ್ಲಿ ಅರ್ಧಕ್ಕರ್ಧ ಹೊಸತು ಬೆರೆತಿತ್ತು, ಕೆಲವು ಸರಿಯಾಗಿ ಒಣಗಿಯೂ ಇರಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು, ‘ಈ ಮನುಷ್ಯ ಕೋರ್ಸ್ ಮುಗಿಸಿದ್ದಾರಲ್ಲ, 90 ಮಾರ್ಕ್ ಬೇರೆ!’ ಅಂದರು. ನಾನು ಬಸ್ ಹತ್ತಿ ಆ ಕೇಂದ್ರಕ್ಕೆ ಹೋದೆ. ಆ ಅಪ್ಪ ಒಳ್ಳೆಯ ಮನುಷ್ಯ. ಚಾ ಕುಡಿಸಿ, ಎಲ್ಲವನ್ನೂ ನಗುತ್ತಾ ಒಪ್ಪಿಕೊಂಡರು. ‘ಅಲ್ಲ ಟೀಚರೇ, ಅದರಲ್ಲಿ ನನಗೆ ಬೇಕಾದ್ದು ಎಂತ ಇತ್ತು, ಹೇಳಿ?’ ಅಂದರು. ನನಗೆ ಹೇಳಲಿಕ್ಕೆ ಗೊತ್ತಾಗಲಿಲ್ಲ.

ಮರುವಾರದಿಂದ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ದೊಡ್ಡ ಗೋದಾಮಿಗೆ ಹೋಗಲಿಕ್ಕೆ ಶುರು ಮಾಡಿದೆ. ಅಲ್ಲಿ ವಿಂಗಡಣೆಯಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದಾರೆ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ತುಳುವಿನವರು, ಮಲಯಾಳದವರು, ನಾವು ಕನ್ನಡದವರು, ಎಲ್ಲರಿಗೂ ಅವರು ‘ಅಣ್ಣೆರ್’. ಅವರ ಹತ್ತಿರ ಕೂತು, ‘ಹಳತು ಅಂತ ನಿಮಗೆ ಹೇಗೆ ಗೊತ್ತಾಗ್ತದೆ ಅಣ್ಣೆರೇ?’ ಅಂತ ಕೇಳಿದೆ.

‘ನೋಡಿದ್ರೆ ಗೊತ್ತಾಗ್ತದಲ್ಲ ಟೀಚರೇ.’

‘ಏನು ನೋಡಿದ್ರೆ?’

‘ಅಡಿಕೆ!’

ಎರಡು ದಿನ ಹೀಗೇ ಹೋಯಿತು. ಅವರು ಮುಚ್ಚಿಡುತ್ತಿದ್ದರು ಅಂತಲ್ಲ. ಮೂವತ್ತು ವರ್ಷ ಮಾಡಿದ ಕೆಲಸ ಕೈಗೆ ಇಳಿದುಬಿಟ್ಟಿರುತ್ತದೆ, ಬಾಯಿಗೆ ಬರುವುದಿಲ್ಲ. ಸೈಕಲ್ ಬಿಡುವವನನ್ನು ಬೀಳದೆ ಇರುವುದು ಹೇಗೆ ಅಂತ ಕೇಳಿದರೆ ಅವನೇನು ಹೇಳಿಯಾನು? ಕೋರ್ಸ್ ಮಾಡುವವರಿಗೆಲ್ಲ ಎದುರಾಗುವ ಗೋಡೆ ಇದು. ತಜ್ಞರನ್ನು ಸಂದರ್ಶನ ಮಾಡಿ, ಅವರು ಹೇಳಿದ್ದನ್ನು ಬರೆದುಕೊಂಡರೆ ಕೆಲಸ ಮುಗಿಯಿತು ಅಂತ ನಾವು ತಿಳಿಯುತ್ತೇವೆ. ಅವರು ಹೇಳುವುದಕ್ಕಿಂತ ಹೇಳದೆ ಬಿಡುವುದೇ ಜಾಸ್ತಿ.

ಮೂರನೇ ದಿನ ಉಪಾಯ ಬದಲಾಯಿಸಿದೆ. ಕೇಳುವುದನ್ನು ಬಿಟ್ಟು ನಾನೇ ವಿಂಗಡಣೆಗೆ ಕೂತೆ, ಅವರನ್ನು ಎದುರು ಕೂರಿಸಿಕೊಂಡೆ. ಫೋನನ್ನು ಗೋಣಿಗೆ ಒರಗಿಸಿ ವಿಡಿಯೊ ಆನ್ ಮಾಡಿದೆ. ನಾನು ತಪ್ಪು ರಾಶಿಗೆ ಹಾಕಿದ ಕೂಡಲೇ ಅವರ ಬಾಯಿ ತೆರೆಯಿತು. ‘ಅಯ್ಯೊ, ಅದಲ್ಲ! ಅದರ ಬುಡ ನೋಡಿ.’ ‘ತೂಕ ನೋಡಿ ಮಾರಾಯ್ರೆ, ಟೊಳ್ಳುಂಟು.’ ‘ಬಣ್ಣಕ್ಕೆ ಮರುಳಾಗ್ಬೇಡಿ, ಕತ್ತರಿಸಿ.’ ಸರಿಯಾಗಿ ಮಾಡಿ ತೋರಿಸಿ ಅಂದಾಗ ಬಾರದ ಮಾತು, ತಪ್ಪು ಕಂಡಾಗ ತಾನಾಗಿ ಬಂತು. ಆ ದಿನ ಒಂದೂವರೆ ಗಂಟೆಯಲ್ಲಿ ಸಿಕ್ಕಿದಷ್ಟು ನನಗೆ ಅಷ್ಟೂ ಓದಿನಲ್ಲಿ ಸಿಕ್ಕಿರಲಿಲ್ಲ.

ಆ ವಿಡಿಯೊವನ್ನು ಮನೆಯಲ್ಲಿ ನಿಧಾನಕ್ಕೆ ಓಡಿಸಿ ನೋಡಿದೆ. ಅಣ್ಣೆರ್ ಒಂದು ಗೋಣಿಯನ್ನು ನೋಡುವ ರೀತಿ ಹೀಗೆ. ಮೊದಲು ಕಣ್ಣು ಅಡಿಕೆಗೆ ಹೋಗುವುದಿಲ್ಲ, ಗೋಣಿಯ ಬಾಯಿಗೆ ಹೋಗುತ್ತದೆ. ಆಮೇಲೆ ಕೈ. ಮೇಲಿನದನ್ನು ಮುಟ್ಟುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾರೆ. ಆ ಹಿಡಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಸುರಿಯುತ್ತಾರೆ. ಆಗ ತಲೆ ಸ್ವಲ್ಪ ಓರೆ. ಕೇಳುತ್ತಿದ್ದಾರೆ! ಚಾಲಿ ಅಂದರೆ ಹಣ್ಣಡಿಕೆಯನ್ನು ಅಂಗಳದಲ್ಲಿ 35-40 ದಿನ ಬಿಸಿಲಿಗೆ ಹಾಕಿ ಒಣಗಿಸಿದ್ದು. ಚೆನ್ನಾಗಿ ಒಣಗಿದ್ದು ಒಂದಕ್ಕೊಂದು ತಾಗಿದರೆ ಕಲ್ಲಿನ ಹಾಗೆ ಗಣಗಣ ಅನ್ನುತ್ತದೆ. ಪಸೆ ಉಳಿದದ್ದು ಮೆತ್ತಗೆ ದಬದಬ. ಅದರಲ್ಲಿ ಎರಡು ಮೂರನ್ನು ಆರಿಸಿ ಅಡಕತ್ತರಿಗೆ ಇಡುತ್ತಾರೆ. ಒಣಗಿದ್ದು ‘ಕಟ್’ ಅಂತ ಸಿಡಿಯುತ್ತದೆ. ಹಸಿಯಾದದ್ದು ಸದ್ದಿಲ್ಲದೆ ಕೊಯ್ದುಕೊಳ್ಳುತ್ತದೆ. ಇಷ್ಟಕ್ಕೆ ಅರ್ಧ ನಿಮಿಷ ಕೂಡ ಹಿಡಿಯುವುದಿಲ್ಲ. ಅಷ್ಟೂ ಹೊತ್ತು ಬಾಯಿ ಕೃಷಿಕರ ಹತ್ತಿರ ಮಳೆ, ಮಂಗ, ಮದುವೆ ಮಾತಾಡುತ್ತಿರುತ್ತದೆ.

ಆ ಮಾತೂ ಕೆಲಸದ ಭಾಗವೇ ಅಂತ ಅರ್ಥವಾಗಲಿಕ್ಕೆ ಇನ್ನೆರಡು ದಿನ ಬೇಕಾಯಿತು. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ಅಡಿಕೆ ಗುರುತು ಹಿಡಿಯಲಿಕ್ಕೆ ಬರುತ್ತದೆ. ಹಿರಿಯ ಕೃಷಿಕರೊಬ್ಬರ ಮುಖ ನೋಡಿ ‘ಇದರಲ್ಲಿ ಹೊಸತು ಬೆರೆತಿದೆ’ ಅಂತ ಹೇಳಲಿಕ್ಕೆ ಬರುವುದಿಲ್ಲ. ಅದೂ ಯಾವ ಭಾಷೆಯಲ್ಲಿ? ಒಬ್ಬರು ತುಳು, ಇನ್ನೊಬ್ಬರು ಮಲಯಾಳ, ಮತ್ತೊಬ್ಬರು ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ. ಹುಡುಗ ನಾಚಿಕೊಂಡು ಹಳತು ಅಂತಲೇ ಬರೆದುಬಿಡುತ್ತಾನೆ. ನನ್ನ 58 ಸ್ಲೈಡಿನಲ್ಲಿ ಈ ನಾಚಿಕೆಗೆ ಒಂದೇ ಒಂದು ಸ್ಲೈಡ್ ಇರಲಿಲ್ಲ.

ಈ ಹೊತ್ತಿಗೆ ಕ್ಯಾಥಿ ಮೂರ್ ಅನ್ನುವ ಅಮೆರಿಕದ ಡಿಸೈನರ್ ಹೇಳಿದ ಆಕ್ಷನ್ ಮ್ಯಾಪಿಂಗ್ ಓದಿದೆ. 2008ರ ಸುಮಾರಿಗೆ ಅವರು ಮುಂದಿಟ್ಟ ಕ್ರಮ. ಜನ ಏನು ತಿಳಿಯಬೇಕು ಅಂತ ಶುರು ಮಾಡಬೇಡಿ, ಏನು ಮಾಡಬೇಕು ಅಂತ ಶುರು ಮಾಡಿ, ಯಾಕೆ ಮಾಡುತ್ತಿಲ್ಲ ಅಂತ ಕೇಳಿ, ಆ ಕೆಲಸಕ್ಕೆ ತಕ್ಕ ಅಭ್ಯಾಸ ಕೊಡಿ, ಮಾಹಿತಿಯನ್ನು ಬೇಕಾದಷ್ಟೇ ಸೇರಿಸಿ. ಮೊದಲೇ ಓದಿದ್ದರೆ ‘ಹೌದು ಹೌದು’ ಅಂತ ಪುಟ ತಿರುಗಿಸುತ್ತಿದ್ದೆನೋ ಏನೋ. ಗೋದಾಮಿನ ಧೂಳು ತಲೆಗೆ ಹತ್ತಿದ ಮೇಲೆ ಓದಿದ್ದಕ್ಕೆ ನಾಟಿತು.

ಎರಡನೇ ಕೋರ್ಸಿನಲ್ಲಿ ಸ್ಲೈಡೇ ಇಲ್ಲ. ಏಳು ಸಂದರ್ಭಗಳು, ಒಂದೊಂದು ನಾಲ್ಕೈದು ನಿಮಿಷ. ಒಂದನ್ನು ಹೇಳುತ್ತೇನೆ. ಹಿರಿಯ ಕೃಷಿಕರು ಪಿಕಪ್‌ನಲ್ಲಿ ಎಂಟು ಗೋಣಿ ತಂದಿದ್ದಾರೆ. ಇಳಿಯುತ್ತಲೇ, ‘ಎಲ್ಲ ಸಿಂಗಲ್ ಚೋಲೇ ಮಗಾ, ನೋಡುದೆಂತ ಉಂಟು? ತೂಕ ಮಾಡು’ ಅನ್ನುತ್ತಾರೆ. ಹಿಂದೆ ಇನ್ನೂ ಮೂರು ಗಾಡಿ ಕಾಯುತ್ತಿವೆ. ನೀವೇನು ಮಾಡುತ್ತೀರಿ? ನಂಬಿ ತೂಕಕ್ಕೆ ಹಾಕುತ್ತೀರಾ, ಎಂಟೂ ಗೋಣಿ ನೆಲಕ್ಕೆ ಸುರಿಯುತ್ತೀರಾ, ಇಲ್ಲ ಮಾತಾಡುತ್ತಾ ಎರಡು ಮೂರು ಗೋಣಿಯ ಅಡಿಗೆ ಕೈ ಹಾಕುತ್ತೀರಾ? ‘ಸರಿ’, ‘ತಪ್ಪು’ ಅಂತ ಕೆಂಪು ಹಸಿರು ತೋರಿಸುವುದಿಲ್ಲ. ನಂಬಿದರೆ ನಾಲ್ಕು ದಿನ ಕಳೆದು ಗೋದಾಮಿನಿಂದ ಫೋನ್ ಬರುತ್ತದೆ. ಎಲ್ಲ ಸುರಿದರೆ ಬೆರೆತದ್ದು ಸಿಕ್ಕಿಬೀಳುತ್ತದೆ, ಆದರೆ ಅವರು ಮುಂದಿನ ವರ್ಷ ಪಕ್ಕದ ಅಂಗಡಿಗೆ ಹೋಗುತ್ತಾರೆ. ಇದನ್ನು ಎಚ್‌5ಪಿ ಅನ್ನುವ ಉಚಿತ ಸಲಕರಣೆಯಲ್ಲಿ ಕಟ್ಟಿ ಮೂಡಲ್‌ನಲ್ಲಿ ಹಾಕಿದೆ. ಮೂಡಲ್ ಅಂದರೆ ಆಸ್ಟ್ರೇಲಿಯದ ಮಾರ್ಟಿನ್ ಡೌಜಿಯಮಸ್ 2002ರಲ್ಲಿ ಹೊರತಂದ ಉಚಿತ ಕಲಿಕೆ ವ್ಯವಸ್ಥೆ. ಅದರ ಆ್ಯಪ್‌ನಲ್ಲಿ ಪಾಠವನ್ನು ಮೊದಲೇ ಇಳಿಸಿಟ್ಟುಕೊಂಡು ರೇಂಜ್ ಇಲ್ಲದಿರುವಾಗಲೂ ನೋಡಬಹುದು. ಅಷ್ಟು ಸಾಕು ನಮಗೆ.

ಭಾಷೆಯದ್ದೇ ಒಂದು ಕಥೆ. ಮೊದಲ ಕೋರ್ಸಿನಲ್ಲಿ ‘ತೇವಾಂಶ’ ಅಂತ ಬರೆದಿದ್ದೆ. ಗೋದಾಮಿನಲ್ಲಿ ಆ ಶಬ್ದವನ್ನು ಯಾರೂ ಆಡುವುದಿಲ್ಲ. ಪಸೆ ಅನ್ನುತ್ತಾರೆ, ಜಾಸ್ತಿಯಾದರೆ ಚಂಡಿ ಅನ್ನುತ್ತಾರೆ. ಇಂಗ್ಲಿಷಿನಿಂದ ತಂದ ಸೂಚನೆ ಒಂದಿತ್ತು, ‘ಎಳೆದು ಬೀಳಿಸಿ’ ಅಂತ. ಅಣ್ಣೆರ್ ಫೋನನ್ನು ದೂರ ಹಿಡಿದು ಓದಿ, ‘ಬೀಳಿಸುದು ಎಂತದನ್ನು? ಅಡಿಕೆಯನ್ನಾ ಫೋನನ್ನಾ?’ ಅಂದರು. ‘ಸರಿಯಾದ ರಾಶಿಗೆ ಹಾಕಿ’ ಅಂತ ಬದಲಾಯಿಸಿದೆ. ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ನಮ್ಮ ಹುಡುಗರಲ್ಲಿ ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಮಲಯಾಳವೋ ಇಂಗ್ಲಿಷೋ ಓದಿದವರು ತುಂಬ. ಕನ್ನಡ ಕೇಳಿದರೆ ಪೂರ್ತಿ ಗೊತ್ತಾಗುತ್ತದೆ, ಓದಲಿಕ್ಕೆ ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ಧ್ವನಿಯಲ್ಲಿ ಕೊಟ್ಟೆವು, ಕನ್ನಡದಲ್ಲೊಮ್ಮೆ, ಮಲಯಾಳದಲ್ಲೊಮ್ಮೆ. ಕೃಷಿಕರ ಮಾತು ಮಾತ್ರ ಅವರವರ ಭಾಷೆಯಲ್ಲೇ. ಪರದೆಯ ಮೇಲೆ ಅಡಿಕೆ ಬಿಟ್ಟರೆ ಎರಡು ಮೂರು ಶಬ್ದ ಅಷ್ಟೇ. ಮೊದಲ ಕೋರ್ಸಿನಲ್ಲಿ ನಾನು ಬರೆದದ್ದನ್ನೇ ನಾನೇ ಓದಿ ಹೇಳಿದ್ದೆ. ಕಿವಿಗೂ ಕಣ್ಣಿಗೂ ಒಂದೇ ವಾಕ್ಯ ಕೊಟ್ಟರೆ ಎರಡೂ ಒಂದರ ಕಾಲಿಗೊಂದು ತೊಡರುತ್ತವೆ ಅಂತ ರಿಚರ್ಡ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಚಿತ್ರ ಮತ್ತು ಮಾತು ಇದ್ದರೆ ಸಾಕು.

ಈ ಮಧ್ಯೆ ಮ್ಯಾನೇಜರಿಗೆ ಎಐ ಹುಚ್ಚು ಹತ್ತಿತು. ಈಗ ಯಾವ ಟ್ರೈನಿಂಗ್ ಮೀಟಿಂಗಿಗೆ ಹೋದರೂ ಅದೇ ಮಾತು. ಧ್ವನಿ, ಚಿತ್ರ ಎಲ್ಲ ಅದರಲ್ಲೇ ಮಾಡಿಸಬಹುದಲ್ಲ ಅಂದರು. ಸರಿ, ನೋಡುವ ಅಂತ ಉಳ್ಳಿಗಡ್ಡೆ ಅಡಿಕೆಯ ಚಿತ್ರ ಕೇಳಿದೆ. ಬುಟ್ಟಿ ತುಂಬ ನೀರುಳ್ಳಿ ಬಂತು, ಕೆಂಪಗೆ, ಫಳಫಳ ಹೊಳೆಯುವಂಥದ್ದು. ಅದರ ತಪ್ಪೇನಲ್ಲ. ಘಟ್ಟದ ಮೇಲಿನವರಿಗೆ ಉಳ್ಳಿಗಡ್ಡೆ ಅಂದರೆ ಅದೇ ತಾನೇ. ಧ್ವನಿ ಮಾತ್ರ ಪರವಾಗಿಲ್ಲ ಅನ್ನುವಂತಿತ್ತು, ಆದರೆ ವಾರ್ತೆ ಓದಿದ ಹಾಗೆ. ‘ಪಸೆ ಉಂಟು’ ಅನ್ನುವುದನ್ನು ವಾರ್ತೆಯ ಧ್ವನಿಯಲ್ಲಿ ಕೇಳಿ ಹುಡುಗರು ಬಿದ್ದು ಬಿದ್ದು ನಕ್ಕರು. ಮಲಯಾಳಕ್ಕೆ ಮೊದಲ ಕರಡು ಅನುವಾದ ಮಾಡಲಿಕ್ಕೆ ಅದನ್ನು ಬಳಸಿದೆ, ಉಪಕಾರವಾಯಿತು. ಉಳಿದದ್ದಕ್ಕೆ ಅಣ್ಣೆರ್ ಅವರ ಒರಟು ಧ್ವನಿಯೇ ಇರಲಿ ಅಂದೆ.

ಫೋಟೊ ತೆಗೆಯುವಾಗ ಒಂದು ವಿಷಯ ಗೊತ್ತಾಯಿತು. ಒಂದೇ ಅಡಿಕೆ ನನ್ನ ಫೋನಿನಲ್ಲಿ ಕೆಂಪು ಛಾಯೆ, ಇನ್ನೊಬ್ಬರ ಫೋನಿನಲ್ಲಿ ಹಳದಿ. ಹೊಸತು ಹಳತು ಅನ್ನುವುದಕ್ಕೆ ಬಣ್ಣವೂ ಒಂದು ಗುರುತು ಆಗಿರುವಾಗ ಇದನ್ನು ಫೋನಿನಲ್ಲಿ ಕಲಿಸುವುದು ಮೋಸವೇ ಸರಿ. ಸದ್ದೂ ಹಾಗೆಯೇ, ಫೋನಿನ ಸ್ಪೀಕರಿನಲ್ಲಿ ಗಣಗಣವೂ ದಬದಬವೂ ಒಂದೇ. ಅದಕ್ಕೆ ಪ್ರತಿ ಕೇಂದ್ರಕ್ಕೂ ಒಂದು ಮರದ ಪೆಟ್ಟಿಗೆ ಮಾಡಿಸಿದೆವು. ಒಳಗೆ 24 ಗುಳಿ, ಒಂದೊಂದಕ್ಕೆ ನಂಬರ್, ಒಂದೊಂದರಲ್ಲಿ ಒಂದು ಅಡಿಕೆ ಇಡಿಯಾಗಿ, ಇನ್ನೊಂದು ಕತ್ತರಿಸಿ. ಕೋರ್ಸು ‘ಪೆಟ್ಟಿಗೆಯಿಂದ 9 ಮತ್ತು 14 ತೆಗೆಯಿರಿ, ಅಂಗೈಯಲ್ಲಿ ಹಾಕಿ ಅಲ್ಲಾಡಿಸಿ’ ಅನ್ನುತ್ತದೆ. ಕಣ್ಣು ಫೋನಿನಲ್ಲಿ, ಕೈ ಪೆಟ್ಟಿಗೆಯಲ್ಲಿ. ಇದಕ್ಕೆ ಇಂಗ್ಲಿಷಿನಲ್ಲಿ ಬ್ಲೆಂಡೆಡ್ ಲರ್ನಿಂಗ್ ಅಂತ ದೊಡ್ಡ ಹೆಸರಿದೆ. ನಮ್ಮಲ್ಲಿ ಅಡಿಕೆ ಪೆಟ್ಟಿಗೆ. ಒಂದೇ ತೊಂದರೆ, ಮಳೆಗಾಲ ಮುಗಿಯುವಾಗ ಅರ್ಧ ಅಡಿಕೆಗೆ ಕುಟ್ಟೆ ಹುಳ ಹಿಡಿದಿರುತ್ತದೆ. ಪ್ರತಿ ಸೀಸನಿಗೂ ಹೊಸತಾಗಿ ತುಂಬಬೇಕು.

ಇನ್ನೊಂದು ಸಣ್ಣ ಕೆಲಸ ಮಾಡಿದೆವು. ಕಲಿತದ್ದು ಹೇಗೆ ಮರೆತುಹೋಗುತ್ತದೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿಟ್ಟಿದ್ದಾನೆ. ಮೊದಲ ಕೆಲವು ದಿನಗಳಲ್ಲೇ ಹೆಚ್ಚು ಸೋರಿಹೋಗುತ್ತದೆ. ಹಾಗಾಗಿ ಕೋರ್ಸ್ ಮುಗಿದ ಎರಡನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ವಾಟ್ಸಾಪ್‌ಗೆ ಒಂದೊಂದು ಪ್ರಶ್ನೆ. ಮಾರ್ಕ್ ಇಲ್ಲ. ಉತ್ತರ ಮರುದಿನ ಅಣ್ಣೆರ್ ಅವರ ಧ್ವನಿಯಲ್ಲಿ. ಈ ಪ್ರಶ್ನೆಗಳಿಗೆ ಬಂದಷ್ಟು ಉತ್ತರ, ಜಗಳ, ನಗುವ ಇಮೋಜಿ ಅಷ್ಟು ಖರ್ಚು ಮಾಡಿದ ಕೋರ್ಸಿಗೆ ಬಂದಿರಲಿಲ್ಲ. ಮಂಗಳೂರಿನಲ್ಲಿ ಒಂದು ತರಬೇತಿಯಲ್ಲಿ ನಮಗೆ, ‘ನಿಮ್ಮ ನೌಕರರು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ, ಮಾಡಿ ಕಲಿಯುವವರೋ ಅಂತ ಮೊದಲು ಫಾರಂ ತುಂಬಿಸಿ’ ಅಂದಿದ್ದರು. ಹಾಗೆ ಬೇರೆ ಬೇರೆ ಮಾಡಿ ಕಲಿಸಿದರೆ ಲಾಭ ಇದೆ ಅನ್ನುವುದಕ್ಕೆ ಸರಿಯಾದ ಆಧಾರವೇ ಇಲ್ಲ ಅಂತ ನಾಲ್ವರು ಮನಶ್ಶಾಸ್ತ್ರಜ್ಞರು 2008ರಲ್ಲೇ ಪರಿಶೀಲಿಸಿ ಬರೆದಿದ್ದಾರೆ. ಆ ಫಾರಂಗಳು ಈಗಲೂ ನನ್ನ ಡ್ರಾಯರಿನಲ್ಲಿವೆ, ಹಿಂಬದಿಯಲ್ಲಿ ಲೆಕ್ಕ ಬರೆಯುತ್ತೇನೆ.

ಅಳೆದು ನೋಡುವುದು ಕೊನೆಯ ಹೆಜ್ಜೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಮಟ್ಟ ಇವೆ: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಏನು ಸಿಕ್ಕಿತು. ನಮ್ಮ ಹಸಿರು ಟಿಕ್ ಇದರಲ್ಲಿ ಒಂದನೆಯದಕ್ಕೂ ಬರುವುದಿಲ್ಲ. ಈ ಸಲ ಟಿಕ್ ನೋಡುವುದನ್ನು ಬಿಟ್ಟು, ಕೇಂದ್ರಗಳಿಂದ ಬಂದ ಗೋಣಿಗಳಲ್ಲಿ ಕೆಲವನ್ನು ಅಣ್ಣೆರ್ ಮತ್ತೆ ವಿಂಗಡಿಸಿ, ಬರೆದದ್ದಕ್ಕೂ ಇದ್ದದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಪುಸ್ತಕದಲ್ಲಿ ಬರೆದಿಟ್ಟರು. ಮೂರು ಕೇಂದ್ರಗಳಲ್ಲಿ ಮೊದಲು ಮಾಡಿದ್ದು. ಎರಡರಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇಳಿಯಿತು. ಮೂರನೆಯದರಲ್ಲಿ ಇಳಿಯಲೇ ಇಲ್ಲ. ಅಲ್ಲಿಯ ಹುಡುಗ ಏಳೂ ಸಂದರ್ಭವನ್ನು ಚೆನ್ನಾಗಿ ಮಾಡಿದ್ದ, ಪೆಟ್ಟಿಗೆಯ ಅಡಿಕೆಗಳನ್ನು ಕಣ್ಣು ಮುಚ್ಚಿ ಹೇಳುವಷ್ಟು ತಯಾರಿದ್ದ. ನನಗೆ ತಲೆಬಿಸಿಯಾಯಿತು. ಇನ್ನೊಂದು ಕೋರ್ಸ್ ಬೇಕೋ ಏನೋ ಅಂದುಕೊಳ್ಳುತ್ತಾ ಅಲ್ಲಿಗೆ ಹೋದೆ.

ಹೋಗಿ ನೋಡಿದರೆ, ಮಳೆಗೆ ಅಂತ ಅಂಗಳದ ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದಾರೆ. ಅಡಿಯಲ್ಲಿ ಎಲ್ಲವೂ ನೀಲಿ. ಗೋಣಿ ನೀಲಿ, ಹುಡುಗನ ಮುಖ ನೀಲಿ, ಅಡಿಕೆಯೂ ಅದೇ ಛಾಯೆ. ಹೊಸತು ಹಳತು ಎರಡೂ ಒಂದೇ ತರ ಕಾಣುತ್ತಿತ್ತು, ನನಗೂ, ಜೊತೆಗೆ ಬಂದ ಅಣ್ಣೆರ್‌ಗೂ. ಅವರು ಒಂದು ಹಿಡಿ ಅಡಿಕೆ ತೆಗೆದುಕೊಂಡು ಜಗಲಿಯ ಬೆಳಕಿಗೆ ಹೋಗಿ ನೋಡಿದರು, ವಾಪಸ್ ಬಂದು ನೋಡಿದರು. ‘ಇದಕ್ಕೆ ಕೋರ್ಸ್ ಬೇಡ ಟೀಚರೇ, ಶೀಟು ಬೇಕು’ ಅಂದರು. ಥಾಮಸ್ ಗಿಲ್ಬರ್ಟ್ ಅನ್ನುವವರು 1978ರಲ್ಲೇ ಬರೆದಿದ್ದರು, ಕೆಲಸ ಕೆಟ್ಟರೆ ಮೊದಲು ಮನುಷ್ಯನನ್ನಲ್ಲ, ಅವನ ಸುತ್ತಲಿನದನ್ನು ನೋಡಿ ಅಂತ. ಅದನ್ನೂ ನಾನು ಆಮೇಲೆ ಓದಿದ್ದು. ಆ ಕೇಂದ್ರಕ್ಕೆ ಪಾರದರ್ಶಕ ಶೀಟು, ಎರಡು ಬಿಳಿ ಟ್ಯೂಬ್‌ಲೈಟ್ ಹಾಕಿಸಲಿಕ್ಕೆ ಬರೆದೆ. ಟ್ರೈನಿಂಗ್ ಬಜೆಟ್ಟಿನಲ್ಲಿ ಟ್ಯೂಬ್‌ಲೈಟ್ ಹೇಗೆ ಬಂತು ಅಂತ ಅಕೌಂಟ್ಸಿನವರು ಎರಡು ಸಲ ಫೋನ್ ಮಾಡಿ ಕೇಳಿದರು.

ಈ ವರ್ಷದ ಪೆಟ್ಟಿಗೆ ತುಂಬುವ ಕೆಲಸ ಮೊನ್ನೆ ಆಯಿತು. 24 ಗುಳಿಗೆ ಅಡಿಕೆ ಆರಿಸಲಿಕ್ಕೆ ಅಣ್ಣೆರ್ ಜೊತೆಗೆ ಇನ್ನೊಬ್ಬ ಹಿರಿಯರನ್ನೂ ಕೂರಿಸಿದ್ದೆ. ಇಬ್ಬರೂ ಬೇರೆ ಬೇರೆ ಬರೆದು, ಎರಡೂ ತಾಳೆಯಾದದ್ದನ್ನು ಮಾತ್ರ ಪೆಟ್ಟಿಗೆಗೆ ಹಾಕುವುದು ಅಂತ ನಿಯಮ. 17ನೆಯದಕ್ಕೆ ಅಣ್ಣೆರ್ ಪಟೋರ ಅಂದರು, ಇವರು ಉಳ್ಳಿಗಡ್ಡೆ ಅಂದರು. ಕತ್ತರಿಸಿ ನೋಡಿದರು, ಬೆಳಕಿಗೆ ಹಿಡಿದರು, ಮೂಸಿದರು. ಅರ್ಧ ಗಂಟೆ ತುಳುವಿನಲ್ಲಿ ಜಗಳವಾಡಿದರು, ಚಾ ಕುಡಿದು ಮತ್ತೆ ಆಡಿದರು. ನಾನು ಅದನ್ನು ತೆಗೆದು ಬದಿಗಿಡಲು ಹೋದೆ. ಅಣ್ಣೆರ್ ಬಿಡಲಿಲ್ಲ.

‘ಇರಲಿ ಅದು. ಉತ್ತರ ಮಾತ್ರ ಬರೀಬೇಡಿ.’

ಹಾಗಾಗಿ ಈ ಸಲ ಪೆಟ್ಟಿಗೆಯ ಉತ್ತರದ ಹಾಳೆಯಲ್ಲಿ 17ರ ಎದುರು ಖಾಲಿ. ಮುದ್ರಣದೋಷ ಇರಬೇಕು ಅಂತ ಇಷ್ಟರಲ್ಲೇ ಮೂರು ಕೇಂದ್ರಗಳಿಂದ ಫೋನ್ ಬಂದಿದೆ. ಒಬ್ಬ ಹುಡುಗ ಅಡಿಕೆಯನ್ನೇ ಕಾಗದದಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿದ್ದಾನೆ, ‘ನೀವೇ ನೋಡಿ ಹೇಳಿ’ ಅಂತ ಚೀಟಿ ಬರೆದು.